ಕಿತ್ತಳೆ ಯಾಕೆ ಮುಳುಗಿತು ಎಂದು ಯಾವ ಭಾಷೆಯಲ್ಲಿ ಹೇಳಬೇಕು?

ಪ್ರತಿ ಭಾನುವಾರ ರಾತ್ರಿ ನಮ್ಮ ಮೊಬೈಲಿಗೆ ಒಂದನೇ ತರಗತಿಯ ಮಗಳ ವಾರದ ಚಟುವಟಿಕೆ ಪಟ್ಟಿ ಬರುತ್ತದೆ. ದೀಪಾವಳಿ ರಜೆ ಮುಗಿದ ಮೇಲಿನ ವಾರ ಬಂದದ್ದು ಹೀಗಿತ್ತು: ಸೋಮವಾರ ‘ನನ್ನ ಕುಟುಂಬ’, ಮಂಗಳವಾರ ‘ತೇಲುವುದು-ಮುಳುಗುವುದು’, ಬುಧವಾರ ‘ಆಕಾರ ಹುಡುಕು’, ಗುರುವಾರ ‘ತರಕಾರಿ ಸಂತೆ’, ಶುಕ್ರವಾರ ‘ತಂದು ತೋರಿಸಿ ಹೇಳು’. ನಾನು ಡೊಂಬಿವಲಿಯಿಂದ ದಿನಾ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುವ ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಇಂಥ ಪಟ್ಟಿ ಮಾಡುವುದೇ ನನ್ನ ಹೊಟ್ಟೆಪಾಡು. ನೋಡಿ ಖುಷಿಯಾಯಿತು. ನಾನು ಒಂದನೇ ಇಯತ್ತೆಯಲ್ಲಿದ್ದಾಗ ವಾರವಿಡೀ ಮಗ್ಗಿ ಮತ್ತು ಛಡಿ ಏಟು ಬಿಟ್ಟರೆ ಬೇರೆ ಚಟುವಟಿಕೆ ಇರಲಿಲ್ಲ.

ಆ ವಾರ ಗದಗಿನಿಂದ ನನ್ನ ಅವ್ವ ಬಂದಿದ್ದಳು. ಸೋಮವಾರದ ಚಾರ್ಟಿಗೆ ಫೋಟೋ ಅಂಟಿಸುವಾಗಲೇ ತಕರಾರು ಶುರುವಾಯಿತು. ದೊಡ್ಡಪ್ಪ, ಕಾಕಾ, ಸೋದರಮಾವ ಮೂವರೂ ಚಾರ್ಟಿನಲ್ಲಿ ‘ಅಂಕಲ್’. ಅವ್ವ ಕೇಳಿದಳು, “ಅಲ್ಲೋ, ಕೆಳಗಿನ ಮನಿ ವಾಚ್‌ಮನ್‌ಗೂ ಅಂಕಲ್ ಅಂತಾಳಲ್ಲ, ಅವನ ಫೋಟೋ ಎಲ್ಲಿ?” ನಾವು ನಕ್ಕೆವು.

ಮಂಗಳವಾರಕ್ಕೆಂದು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ನೀರು ತುಂಬಿಸಿ ಅಜ್ಜಿ-ಮೊಮ್ಮಗಳು ಕುಳಿತರು. ಚಾವಿ ಮುಳುಗಿತು, ಲಿಂಬೆಹಣ್ಣು ತೇಲಿತು. ಕಿತ್ತಳೆ ತೇಲಿತು. ಅದರ ಸಿಪ್ಪೆ ಸುಲಿದು ಹಾಕಿದರು, ಮುಳುಗಿತು. “ಸಿಪ್ಪಿ ತಗದ ಮ್ಯಾಲೆ ಹಗರ ಆತಲ್ಲ, ಮತ್ತ ಯಾಕ ಮುಳುಗ್ತು?” ಎಂದಳು ಅಜ್ಜಿ. ಮಗಳು ಬಹಳ ಹೊತ್ತು ನೀರು ನೋಡಿದಳು. ಸಿಪ್ಪೆಯೊಂದನ್ನೇ ಹಾಕಿ ನೋಡಿದಳು, ತೇಲಿತು. ಆಮೇಲೆ ಹೇಳಿದಳು: “ಸಿಪ್ಪಿ ಅಂದ್ರ ಅದರ ಟ್ಯೂಬ್ ಅಜ್ಜಿ, ಈಜೋ ಟ್ಯೂಬ್. ಒಳಗ ಗಾಳಿ ಇರತೈತಿ.”

ಆರು ವರ್ಷದ ಕೂಸು ಊಹೆ ಮಾಡಿತು, ಊಹೆ ತಪ್ಪಾಯಿತು, ಮತ್ತೆ ಪರೀಕ್ಷಿಸಿತು, ಕಾರಣ ಹೇಳಿತು. ನಾನು ಎಂಟೆಕ್ ಪ್ರಾಜೆಕ್ಟಿನಲ್ಲಿ ಮಾಡಿದ್ದೂ ಇದಕ್ಕಿಂತ ಹೆಚ್ಚೇನಲ್ಲ.

ಶಾಲೆಯಲ್ಲಿ ಮರುದಿನ ಅದೇ ಚಟುವಟಿಕೆ ನಡೆದು, ಹಾಳೆಯಲ್ಲಿ ಎರಡು ಟಿಕ್ ಮಾರ್ಕ್ ಬಿದ್ದವು. ಶುಕ್ರವಾರ ಅವಳು ಹಟ ಮಾಡಿ ಎರಡು ಕಿತ್ತಳೆ ಒಯ್ದಳು. ಸಂಜೆ ಎರಡೂ ಹಾಗೇ ವಾಪಸು ಬಂದವು. ಎದ್ದು ನಿಂತಳಂತೆ, ಮಾತು ಹೊರಡಲಿಲ್ಲವಂತೆ. ಡೈರಿಯಲ್ಲಿ ಟೀಚರ್ ಬರೆದಿದ್ದರು: ಮಗು ಮಾತಾಡುವುದಿಲ್ಲ, ದಯವಿಟ್ಟು ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ. ನಾನು ಮತ್ತು ನನ್ನ ಹೆಂಡತಿ ತೆಪ್ಪಗೆ ಸಹಿ ಹಾಕಿದೆವು. ಭಾನುವಾರ ಮಗಳು ಅಜ್ಜಿಗೆ ಹೇಳಿದಳು: “ನೀ ಇಂಗ್ಲಿಷ್ ಕಲಿ. ಅಲ್ಲೀತನಕ ನನ್ನ ಕೂಡ ಮಾತಾಡಬ್ಯಾಡ.” ಈ ಸಲ ಯಾರೂ ನಗಲಿಲ್ಲ.

ಆ ಶಾಲೆಯ ಹೆಸರು ಇಲ್ಲಿ ಬೇಡ. ಕಲ್ಯಾಣ್, ಥಾಣೆ, ವಾಶಿ, ಖಾರ್‌ಘರ್‌ನಲ್ಲಿರುವ ನಿಮ್ಮ ಮಗುವಿನ ಡೈರಿ ತೆಗೆದು ನೋಡಿ, ಈ ಸಾಲು ಅಲ್ಲೂ ಇದ್ದೀತು. ನನ್ನ ಜಗಳ ಇಂಗ್ಲಿಷಿನ ಜೊತೆಗೂ ಅಲ್ಲ. ಅದರ ಅನ್ನ ತಿನ್ನುವವನು ನಾನು. ಮರಾಠಿಯ ಜೊತೆಗಂತೂ ಅಲ್ಲವೇ ಅಲ್ಲ. 2020ರ ಕಾಯ್ದೆಯಂತೆ ಈ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಅದು ನ್ಯಾಯವೇ. ನನ್ನ ಜಗಳ ಇರುವುದು ಚಟುವಟಿಕೆ ಎಂದರೆ ಕೈಕೆಲಸ ಎಂದು ತಿಳಿದವರ ಜೊತೆ. ಬಕೆಟ್ಟಿಗೆ ಕಿತ್ತಳೆ ಹಾಕುವುದು ಕಲಿಕೆಯಲ್ಲ. “ಯಾಕ ಮುಳುಗ್ತು?” ಎಂಬ ಪ್ರಶ್ನೆ, ಅದಕ್ಕೆ ಮಗು ತಡವರಿಸಿ ಕಟ್ಟುವ ಉತ್ತರ, ಅದು ಕಲಿಕೆ. ಮಾತು ಕಿತ್ತುಕೊಂಡ ಮೇಲೆ ಉಳಿಯುವುದು ಬಣ್ಣದ ಕಾಗದ, ಅಂಟು ಮತ್ತು ಪಾಲಕರ ಗುಂಪಿಗೆ ಕಳಿಸುವ ಫೋಟೋ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಕೆಲಸವೇ ಆಗದ ಪ್ರಾಜೆಕ್ಟಿನ ಹಸಿರು ಬಣ್ಣದ ಸ್ಟೇಟಸ್ ರಿಪೋರ್ಟ್.

ಇದು ಬರೀ ಕನ್ನಡಾಭಿಮಾನದ ಮಾತು ಅನ್ನುವವರು ಸರ್ಕಾರಿ ಕಾಗದಗಳನ್ನೇ ನೋಡಲಿ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಕಲಿಕೆ ನಡೆಯಲಿ ಎನ್ನುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಅನುಕೂಲ ಒದಗಿಸಬೇಕೆಂಬ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿದೆ. ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರು ಅಂದರೆ ನಾವೇ. ಒಂದು ಭಾಷೆಯಲ್ಲಿ ಗಟ್ಟಿಯಾದ ಯೋಚನೆ ಇನ್ನೊಂದು ಭಾಷೆಗೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1970ರ ದಶಕದಿಂದಲೇ ವಾದಿಸುತ್ತ ಬಂದಿದ್ದಾರೆ. ನಮ್ಮ ಕರ್ನಾಟಕದಲ್ಲೇ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಶುರುವಾಯಿತು. ನಾವು ಇಲ್ಲಿ ಸಾವಿರಾರು ರೂಪಾಯಿ ಶುಲ್ಕ ಕೊಟ್ಟು ಕೊಳ್ಳುವ ಚಟುವಟಿಕೆ ಆಧಾರಿತ ಕಲಿಕೆಯನ್ನು ಅಲ್ಲಿ ಬಡವರ ಮಕ್ಕಳು ಪುಕ್ಕಟೆಯಾಗಿ, ಅದೂ ಕನ್ನಡದಲ್ಲಿ ಪಡೆದರು.

ತರಗತಿಯಲ್ಲಿ ನಲವತ್ತು ಮಕ್ಕಳು, ಆರೇಳು ಮನೆಮಾತು. ಟೀಚರ್ ಪಾಪ ಏನು ಮಾಡಬೇಕು ಎಂದು ನೀವು ಕೇಳಬಹುದು. ಟೀಚರಿಗೆ ಕನ್ನಡ ಬರಬೇಕಿಲ್ಲ, ತುಳು, ಕೊಂಕಣಿ ಬರಬೇಕಿಲ್ಲ. ಮಗುವಿಗೆ ಮೊದಲು ತನ್ನ ಮಾತಿನಲ್ಲಿ ಹೇಳಲು ಬಿಟ್ಟರೆ ಸಾಕು. ಕೈಯಲ್ಲಿ ಕಿತ್ತಳೆ ಇದೆ, ಎದುರಿಗೆ ನೀರಿದೆ. ಅರ್ಥವಾಗದೆ ಎಲ್ಲಿ ಹೋಗುತ್ತದೆ? ಅದಾದ ಮೇಲೆ ಇಂಗ್ಲಿಷಿನ ನಾಲ್ಕು ಪದ ಕೊಡಲಿ. ಅರ್ಥ ಮೊದಲೇ ಇರುವುದರಿಂದ ಆ ಪದಗಳೂ ನಿಲ್ಲುತ್ತವೆ.

ಇದನ್ನೇ ಪಾಲಕರ ಸಭೆಯ ದಿನ ಆ ಟೀಚರ್ ಮುಂದಿಟ್ಟೆ. ಮರಾಠಿ ಹೆಣ್ಣುಮಗಳು. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಶಾಂತವಾಗಿ ಹೇಳಿದರು: “ಮುಂದಿನ ಶುಕ್ರವಾರ ಅವಳು ಕನ್ನಡದಲ್ಲೇ ಹೇಳಲಿ. ಆದರೆ ಸರ್, ಹನ್ನೆರಡು ವರ್ಷದಲ್ಲಿ ಇದನ್ನು ಕೇಳಿದ ಮೊದಲ ಪಾಲಕರು ನೀವು. ಉಳಿದವರೆಲ್ಲ ಕೇಳುವುದು, ಮಗು ಯಾವಾಗ ಫಟಾಫಟ್ ಇಂಗ್ಲಿಷ್ ಮಾತಾಡುತ್ತೆ ಅಂತ. ಡೈರಿಯ ಆ ಸಾಲು ನಾವು ನಿಮ್ಮಂಥವರಿಗಾಗಿಯೇ ಬರೆಯೋದು.”

ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ.

2025ರ ಬೇಸಿಗೆ ನೆನಪಿದೆಯೇ? ಒಂದನೇ ತರಗತಿಯಿಂದ ಹಿಂದಿ ಎಂಬ ಆದೇಶ ಏಪ್ರಿಲ್‌ನಲ್ಲಿ ಬಂತು. ಮರಾಠಿಗರು ಎದ್ದು ನಿಂತರು, ಜೂನ್ 29ರಂದು ಸರ್ಕಾರ ಆದೇಶಗಳನ್ನು ಹಿಂತೆಗೆದುಕೊಂಡಿತು. ಲೋಕಲ್ ಗಾಡಿಯಲ್ಲಿ ಎರಡೂವರೆ ತಿಂಗಳು ಅದೇ ಚರ್ಚೆ. ಆರು ವರ್ಷದ ಮಗುವಿಗೆ ಎಷ್ಟು ಭಾಷೆ ಎಂದು ಊರೆಲ್ಲ ಲೆಕ್ಕ ಹಾಕುವಾಗ ನಮ್ಮ ಮಗುವಿನ ಮನೆಮಾತು ಆ ಲೆಕ್ಕದಲ್ಲೇ ಇಲ್ಲ ಎಂದು ಒಬ್ಬ ಕನ್ನಡಿಗನೂ ಹೇಳಿದ್ದನ್ನು ನಾನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮುಂಬಯಿಯ ಹಿರಿಯರ ಕತೆ ವೇದಿಕೆ ಮೇಲೆ ಕೇಳಿ ಚಪ್ಪಾಳೆ ತಟ್ಟುತ್ತೇವೆ, ಮನೆಗೆ ಬಂದು ಡೈರಿಗೆ ಸಹಿ ಹಾಕುತ್ತೇವೆ.

ಕನ್ನಡ ಮಾಧ್ಯಮ ಶಾಲೆ ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ತೆರೆದರೆ ನಾವೇ ಮಕ್ಕಳನ್ನು ಕಳಿಸುವುದಿಲ್ಲ. ಕೇಳುವುದು ಮೂರೇ. ಭಾನುವಾರ ಪಟ್ಟಿ ಬಂದ ಕೂಡಲೇ ಆ ವಾರದ ಚಟುವಟಿಕೆಯನ್ನು ಮೊದಲು ಮನೆಮಾತಿನಲ್ಲಿ ಮಾಡಿ, ಅಜ್ಜ-ಅಜ್ಜಿ ಊರಲ್ಲಿದ್ದರೆ ವಿಡಿಯೋ ಕರೆಯಲ್ಲಾದರೂ ಕೂಡಿಸಿ. ಪಾಲಕರ ಸಭೆಯಲ್ಲಿ ‘ತಂದು ತೋರಿಸಿ ಹೇಳು’ ಮನೆಮಾತಿನಲ್ಲಿ ನಡೆಯಲಿ ಎಂದು ಒಂದು ಸಲ ಕೇಳಿ. ನಮ್ಮ ಸಂಘಗಳು ಸನ್ಮಾನಗಳ ನಡುವೆ ಭಾನುವಾರ ಬೆಳಿಗ್ಗೆ ಒಂದು ತಾಸು ಸಭಾಗೃಹವನ್ನು ಮಕ್ಕಳಿಗೆ ಬಿಡಲಿ. ಅಕ್ಷರಮಾಲೆ ಬಾಯಿಪಾಠಕ್ಕಲ್ಲ, ಬಕೆಟ್ಟು, ನೀರು, ಕಿತ್ತಳೆ ಮತ್ತು ಬೇಕಾದಷ್ಟು ಮಾತಿಗೆ.

ಆ ಶುಕ್ರವಾರ ಮಗಳು ಮತ್ತೆ ಎರಡು ಕಿತ್ತಳೆ ಒಯ್ದಳು. ಸಂಜೆ ಕೈಚೀಲದಲ್ಲಿ ಬರೀ ಒದ್ದೆ ಸಿಪ್ಪೆ ಇತ್ತು. ಬೂಟು ಬಿಚ್ಚುವ ಮೊದಲೇ, “ಅಜ್ಜಿ ಎಲ್ಲಿ?” ಎಂದು ಕೇಳಿದಳು. ಅವ್ವ ಹಿಂದಿನ ದಿನವೇ ಊರಿಗೆ ಹೋಗಿಯಾಗಿತ್ತು. ಫೋನ್ ಹಚ್ಚಿಕೊಟ್ಟೆ.