ಹಿಟ್ಟಿನ ಕೋಳಿಯೂ ತೆರೆಯ ನೆತ್ತರೂ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ವಾಮದಪದವು ಪರಿಸರದ ಒಂದು ಬಸದಿಯ ಸಭಾಭವನವನ್ನು ಒಂದು ರಾತ್ರಿಯ ಮಟ್ಟಿಗೆ ಬಿಟ್ಟುಕೊಡಬೇಕೆಂದು ಹತ್ತಾರು ಹುಡುಗರು ಆಡಳಿತ ಸಮಿತಿಯನ್ನು ಕೇಳಿಕೊಂಡರು. ಪರದೆ ಕಟ್ಟಿ ಒಂದು ಹಾರರ್ ಚಿತ್ರವನ್ನು ಎಲ್ಲರೂ ಕೂಡಿ ನೋಡಬೇಕೆಂಬುದು ಅವರ ಅಪೇಕ್ಷೆ. ಸಮಿತಿ ಒಂದೇ ವಾಕ್ಯದಲ್ಲಿ ನಿರಾಕರಿಸಿತು. ನಿರಾಕರಿಸಿದವರಲ್ಲಿ ನಾನೂ ಒಬ್ಬ. ಹುಡುಗರು ಯಾರದೋ ಮನೆಯ ಮಹಡಿಯಲ್ಲಿ ಅದೇ ಚಿತ್ರವನ್ನು ಅದೇ ರಾತ್ರಿ ನೋಡಿದರು. ಅವರಲ್ಲಿ ನನ್ನ ಮೊಮ್ಮಗನೂ ಇದ್ದ. ಮರುದಿನ ನಾನು ಆಕ್ಷೇಪಿಸಿದಾಗ ಅವನು ಕೇಳಿದ: “ಅಜ್ಜ, ಅದು ಬರೇ ಬಣ್ಣದ ನೀರು. ಯಾರೂ ಸತ್ತಿಲ್ಲ, ಯಾರನ್ನೂ ಕೊಂದಿಲ್ಲ. ಅದರಲ್ಲಿ ಹಿಂಸೆ ಎಲ್ಲಿದೆ?”

ಪ್ರಶ್ನೆ ಉದ್ಧಟತನದ್ದಲ್ಲ. ಅದಕ್ಕೆ ಉತ್ತರ ಕೊಡದೆ ಬಾಗಿಲಿಗೆ ಬೀಗ ಹಾಕುವುದು ಧರ್ಮಪ್ರಭಾವನೆಯಾಗಲಾರದು.

ಮೊದಲು ಒಬ್ಬ ವ್ಯಾಪಾರಿಯಾಗಿ ಈ ಸರಕನ್ನು ಪರಿಶೀಲಿಸುತ್ತೇನೆ. ಇತರ ಚಿತ್ರಗಳಿಗೆ ಹೆಸರಾಂತ ನಟರು ಬೇಕು, ವೈಭವದ ದೃಶ್ಯಸಜ್ಜಿಕೆ ಬೇಕು. ಇವಕ್ಕಾದರೋ ಅಪರಿಚಿತರಾದ ಐದಾರು ತರುಣ ತರುಣಿಯರು, ಒಂದು ಪಾಳು ಬಂಗಲೆ ಅಥವಾ ಒಂದು ಕಾಡು, ಮತ್ತು ಕತ್ತಲೆ ಸಾಕು. ಅಮೆರಿಕದಲ್ಲಿ 1978ರ ‘ಹ್ಯಾಲೋವೀನ್’ ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾಗಿ ಸುಮಾರು 7 ಕೋಟಿ ಡಾಲರ್ ಗಳಿಸಿತು. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಅದಕ್ಕಿಂತಲೂ ಕಡಿಮೆ ಹಣದಲ್ಲಿ ಚಿತ್ರಿತವಾಗಿ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ತಂದಿತು. ಹಿಂದಿಯಲ್ಲಿ ರಾಮ್ಸೆ ಸಹೋದರರು 1984ರ ‘ಪುರಾನಾ ಮಂದಿರ್’ ಮೊದಲಾದವುಗಳಿಂದ ಇದೇ ವ್ಯವಹಾರವನ್ನು ನಡೆಸಿದರು. 1993ರಲ್ಲಿ ಅದು ‘ಝೀ ಹಾರರ್ ಶೋ’ ಆಗಿ ಮನೆಯೊಳಗಿನ ಟಿವಿಗೇ ಬಂದಿತು. ಕನ್ನಡದಲ್ಲಿ 2013ರಲ್ಲಿ ಬಂದ ‘6-5=2’ ಕಾಡಿಗೆ ಚಾರಣ ಹೋದ ಗೆಳೆಯರ ಕಥೆ; ಕಾಡಿನಲ್ಲಿ ಸಿಕ್ಕಿದ ಅವರದೇ ಕ್ಯಾಮರಾದ ಚಿತ್ರಣವೆಂಬಂತೆ ಅದನ್ನು ತೋರಿಸಲಾಯಿತು. ಇಂದು ಇವೆಲ್ಲವೂ ಮಕ್ಕಳ ಕೈಯ ಮೊಬೈಲಿನಲ್ಲಿಯೇ ಇವೆ.

ಇಷ್ಟು ಅಲ್ಪ ಬಂಡವಾಳಕ್ಕೆ ಇಷ್ಟು ಲಾಭ ಹೇಗೆ? ಲೆಕ್ಕ ಸರಳವಾಗಿದೆ. ಇಲ್ಲಿ ಕಚ್ಚಾ ಸಾಮಗ್ರಿಯನ್ನು ಗಿರಾಕಿಯೇ ಹೊತ್ತು ತರುತ್ತಾನೆ. ಭಯವು ಅವನೊಳಗೆ ಮೊದಲೇ ದಾಸ್ತಾನಾಗಿದೆ. ನಿರ್ಮಾಪಕನು ಅದನ್ನು ಕೆದಕಿ ಅವನಿಗೇ ಮಾರುತ್ತಾನೆ.

ಈ ದಾಸ್ತಾನಿನ ಪಟ್ಟಿಯನ್ನು ನಮ್ಮ ಆಚಾರ್ಯರು ಬಹುಹಿಂದೆಯೇ ಬರೆದಿಟ್ಟಿದ್ದಾರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಜಯಧವಲವು ಕಷಾಯಗಳನ್ನೇ ಕುರಿತ ಕಷಾಯಪಾಹುಡದ ಟೀಕೆ. ಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಹಾಸ್ಯ, ರತಿ, ಭಯ, ಜುಗುಪ್ಸೆ ಎಂಬ ನಾಲ್ಕನ್ನು ಗಮನಿಸಿರಿ. ತರುಣರಿಗಾಗಿ ತಯಾರಾಗುವ ಭಯಾನಕ ಚಿತ್ರದ ನಡೆಯೂ ಹೀಗೆಯೇ ಇದೆ: ಮೊದಲು ಗೆಳೆಯರ ನಗೆ, ಆಮೇಲೆ ಪ್ರಣಯದ ಚೇಷ್ಟೆ, ನಡುರಾತ್ರಿಯ ಭಯ, ಕೊನೆಗೆ ನೆತ್ತರಿನ ಜುಗುಪ್ಸೆ. ನಾಲ್ಕು ನೋಕಷಾಯಗಳನ್ನು ಎರಡು ಗಂಟೆಗಳಲ್ಲಿ ಕ್ರಮವಾಗಿ ಉದ್ರೇಕಿಸುವ ವ್ಯವಸ್ಥೆ ಇದು. ಮನಸ್ಸನ್ನು ಕಲುಷಗೊಳಿಸುವ ಕಥೆಗಳನ್ನು ಕೇಳುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದುಃಶ್ರುತಿಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅನರ್ಥವೆಂದರೆ ಪ್ರಯೋಜನವಿಲ್ಲದ್ದು. ಹೊಟ್ಟೆಪಾಡಿಗಾಗಿ ಆಗುವ ದೋಷಕ್ಕೆ ಒಂದು ಕಾರಣವಾದರೂ ಇದೆ. ಇದಕ್ಕೆ ಅದೂ ಇಲ್ಲ.

ಇನ್ನು “ಬಣ್ಣದ ನೀರು” ಎಂಬ ವಾದ. ಜೈನನಾದವನು ಈ ವಾದವನ್ನು ಹೂಡಲಾರ. ಏಕೆಂದರೆ ಅದರ ತೀರ್ಪು 1209ರಲ್ಲಿ ಜನ್ನ ಕವಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿಯೇ ಇದೆ. ಯಶೋಧರನು ಜೀವಂತ ಪ್ರಾಣಿಯನ್ನು ಬಲಿಕೊಡಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ, ಅಷ್ಟೆ. ಅಲ್ಲಿಯೂ ಯಾರೂ ಸತ್ತಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿದರು. ಹಿಟ್ಟಿಗೆ ನೋವಾಯಿತೆಂದು ಕವಿ ಹೇಳುತ್ತಿಲ್ಲ. ಕಡಿಯುವ ಸಂಕಲ್ಪ ನಿಜವಾಗಿತ್ತೆಂದು ಹೇಳುತ್ತಿದ್ದಾನೆ. ತೆರೆಯ ಮೇಲೆ ಕೊಡಲಿ ಎತ್ತಿದಾಗ “ಈಗ ಯಾರ ಸರದಿ?” ಎಂದು ಕಾತರದಿಂದ ಕಾಯುವ ಮನಸ್ಸು ಬಣ್ಣದ ನೀರಲ್ಲ. ಆ ಕಾತರವು ಅನುಮೋದನೆ. ಅದರಲ್ಲಿ ರುಚಿ ಹುಟ್ಟಿದರೆ ಹಿಂಸಾನಂದವೆಂಬ ರೌದ್ರಧ್ಯಾನ.

ಭಯವನ್ನು ಹೀಗೆ ಹೊರಹಾಕಿದರೆ ಮನಸ್ಸು ಹಗುರವಾಗುತ್ತದೆಂದು ವಿದ್ಯಾವಂತರು ಕೆಲವರು ಸಮರ್ಥಿಸುತ್ತಾರೆ. ಹಾಗಾದರೆ ಒಂದು ಚಿತ್ರ ಸಾಕಾಗಬೇಕಿತ್ತಲ್ಲ! ಎರಡನೆಯ ಭಾಗ, ಮೂರನೆಯ ಭಾಗಗಳು ಏಕೆ ಬರುತ್ತವೆ? ಉದಯಕ್ಕೆ ಬಂದ ಕಷಾಯವನ್ನು ರುಚಿಯಿಂದ ಅನುಭವಿಸಿದರೆ ಹೊಸ ಬಂಧವಾಗುತ್ತದೆಂಬುದು ಕರ್ಮಸಿದ್ಧಾಂತ. ಹೊಸ ಸಾಲ ತಂದು ಹಳೆಯ ಸಾಲ ತೀರಿಸಿದವನು ಋಣಮುಕ್ತನಾದನೆಂದು ಯಾವ ಲೆಕ್ಕಿಗನೂ ಬರೆಯಲಾರ.

ಮೊಮ್ಮಗನ ಬಳಿ ಇನ್ನೊಂದು ಬಾಣವಿತ್ತು: “ವಡ್ಡಾರಾಧನೆಯ ಸುಕುಮಾರಸ್ವಾಮಿಯನ್ನು ನರಿ ತಿನ್ನುವುದು ಹಾರರ್ ಅಲ್ಲವೇ?” ಒಪ್ಪುತ್ತೇನೆ, ಆ ವರ್ಣನೆ ಭಯಂಕರವೇ. ಆದರೆ ಅಲ್ಲಿ ಕೇಳುಗನ ದೃಷ್ಟಿ ನಿಲ್ಲುವುದು ಮುನಿಯ ಸಮತೆಯ ಮೇಲೆ. ನರಿಯ ಹಲ್ಲುಗಳ ಮೇಲಲ್ಲ. ಜನ್ನನ ಕಾವ್ಯದಲ್ಲಿಯೂ ಮಾರಿದತ್ತನ ಎದುರು ಬಲಿಗಾಗಿ ತಂದು ನಿಲ್ಲಿಸಿದ ಇಬ್ಬರು ಎಳೆಯರು ಕಿರುಚುವುದಿಲ್ಲ, ಓಡುವುದಿಲ್ಲ. ಅಭಯರುಚಿ, ಅಭಯಮತಿ ಎಂಬ ಅವರ ಹೆಸರುಗಳೇ ಕಥೆಯ ತಾತ್ಪರ್ಯವನ್ನು ಹೇಳುತ್ತವೆ. ಕೊನೆಗೆ ಬದಲಾಗುವವನು ಕತ್ತಿ ಹಿಡಿದ ರಾಜ. ಆ ಕಥೆ ಭಯದಿಂದ ಹೊರಟು ಅಭಯಕ್ಕೆ ತಲುಪುತ್ತದೆ. ಈ ಚಿತ್ರಗಳು ಭಯದಿಂದ ಹೊರಟು ಭಯದಲ್ಲಿಯೇ ಬಿಟ್ಟುಹೋಗುತ್ತವೆ.

ಇಷ್ಟು ಹೇಳಿದ ಮೇಲೆ ಹಿರಿಯರಿಗೆ ಹೇಳಬೇಕಾದುದನ್ನು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ತೆರೆಕಂಡಾಗ ನಾನು ಕಾಲೇಜು ವಿದ್ಯಾರ್ಥಿ. ಅದನ್ನು ನೋಡಿ ಬಂದು ಅನೇಕ ದಿನ ರಾತ್ರಿ ಬಾವಿಯ ಬಳಿಗೆ ಒಬ್ಬನೇ ಹೋಗಲಿಲ್ಲ. ಇಂದು ಬಾವಿಗೆ ಧೈರ್ಯವಾಗಿ ಹೋಗುತ್ತೇನೆ. ಆದರೆ ವ್ಯಾಪಾರ ಕುಸಿದ ವರ್ಷ ಯಾವ ದೋಷವೋ ಎಂದು ಪ್ರಶ್ನೆ ಇಡಿಸಲು ಓಡಿದವನೂ ನಾನೇ. ಟ್ರಸ್ಟಿನ ಸಭೆಗಳಲ್ಲಿ “ಈ ಕಾರ್ಯ ಮಾಡಿಸದಿದ್ದರೆ ಊರಿಗೆ ಕೇಡು” ಎಂಬ ಮಾತಿಗೆ ಬರುವಷ್ಟು ದೇಣಿಗೆ ಸ್ವಾಧ್ಯಾಯ ಶಾಲೆಗೆ ಬರುವುದಿಲ್ಲ. ಇಹಲೋಕಭಯದಿಂದ ಆಕಸ್ಮಿಕಭಯದವರೆಗೆ ಏಳು ಭಯಗಳೂ ಸಮ್ಯಗ್ದೃಷ್ಟಿಗೆ ಇಲ್ಲವೆಂದು ಪ್ರವಚನದಲ್ಲಿ ಕೇಳುತ್ತೇವೆ. ಹೊರಗೆ ಬಂದು ಅದೇ ಭಯಗಳ ಆಧಾರದಲ್ಲಿ ರಸೀದಿ ಹರಿಯುತ್ತೇವೆ. ತುಳುನಾಡಿನ ದೈವಾರಾಧನೆಯನ್ನು ನಾನಿಲ್ಲಿ ಆಕ್ಷೇಪಿಸುತ್ತಿಲ್ಲ. ಅದರಲ್ಲಿ ನ್ಯಾಯದ ಒಂದು ಕಟ್ಟಳೆಯಿದೆ. ಆಕ್ಷೇಪವಿರುವುದು ಭಯವನ್ನು ಹಣವಾಗಿಸುವ ನಮ್ಮ ಅಭ್ಯಾಸಕ್ಕೆ. ಟಿಕೆಟು ಕೊಂಡು ಹೆದರುವ ಹುಡುಗನನ್ನು ರಸೀದಿ ಪಡೆದು ಹೆದರುವ ಅಜ್ಜ ಯಾವ ಬಾಯಿಂದ ಬೈಯಬೇಕು?

ಆ ಹುಡುಗರು ಅಲ್ಲಿ ಹುಡುಕುವುದಾದರೂ ಏನನ್ನು? ನನ್ನ ಬಾಲ್ಯದಲ್ಲಿ ಸಾವು ಮನೆಯ ಚಾವಡಿಯಲ್ಲಿಯೇ ಸಂಭವಿಸುತ್ತಿತ್ತು. ಹಿರಿಯರ ಕೊನೆಯುಸಿರಿನ ಹೊತ್ತಿಗೆ ಣಮೋಕಾರ ಹೇಳುವವರ ನಡುವೆ ಮಕ್ಕಳೂ ಕುಳಿತಿರುತ್ತಿದ್ದರು. ಇಂದು ಸಾವು ಆಸ್ಪತ್ರೆಯ ಗಾಜಿನ ಬಾಗಿಲಿನ ಆಚೆಗೆ ಹೋಗಿದೆ. ಮಕ್ಕಳನ್ನು ನೆರೆಮನೆಗೆ ಕಳುಹಿಸುತ್ತೇವೆ. ಅನಿತ್ಯ, ಅಶರಣ, ಅಶುಚಿ ಎಂಬ ಅನುಪ್ರೇಕ್ಷೆಗಳ ವಿಷಯವೇ ಆ ಚಿತ್ರಗಳ ವಿಷಯ: ಎಲ್ಲರೂ ಸಾಯುತ್ತಾರೆ, ಯಾರೂ ಕಾಪಾಡಲಾರರು, ದೇಹದೊಳಗೆ ಇರುವುದು ರಕ್ತಮಾಂಸ. ಹದಿನಾರರ ಹುಡುಗನಿಗೆ ಇದನ್ನು ತಿಳಿಯುವ ಹಂಬಲ ಸಹಜ. ನಾವು ಹೇಳಲಿಲ್ಲ, ಅಂಗಡಿಯವನು ಹೇಳಿದ. ಅವನು ಅನುಪ್ರೇಕ್ಷೆಯನ್ನು ಕಳೆದು ಭಯವನ್ನು ಮಾತ್ರ ಕಟ್ಟಿಕೊಟ್ಟ.

ಸಿನಿಮಾ ಮಾತ್ರದಿಂದ ಕೆಟ್ಟದ್ದೆಂದು ನಾನು ಹೇಳಲಾರೆ. 2025ರಲ್ಲಿ ಜೆ. ಪಿ. ತುಮಿನಾಡು ಅವರು ನಮ್ಮ ಕರಾವಳಿಯ ಬದುಕನ್ನೇ ಇಟ್ಟುಕೊಂಡು ಮಾಡಿದ ‘ಸು ಫ್ರಮ್ ಸೋ’ ದೊಡ್ಡ ತಾರೆಯರಿಲ್ಲದೆ ರಾಜ್ಯಾದ್ಯಂತ ಜನರನ್ನು ಸೆಳೆಯಿತು. ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಪ್ರೇತ ಮೈಮೇಲೆ ಬಂದಂತೆ ನಟಿಸುವ ಯುವಕನ ಕಥೆ ಅದು. ಒಂದು ಸುಳ್ಳಿನಿಂದ ಊರಿಡೀ ಹೇಗೆ ಹೆದರುತ್ತದೆಂದು ಅದು ನಗಿಸುತ್ತಲೇ ತೋರಿಸುತ್ತದೆ. ಭಯದ ಬೇರು ಅಸತ್ಯದಲ್ಲಿದೆಯೆಂದು ಕಾಣಿಸುವ ಚಿತ್ರವನ್ನೂ ಭಯವನ್ನೇ ಉಣಿಸುವ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ವಿವೇಕವನ್ನು ಮಕ್ಕಳಿಗೆ ಕಲಿಸಬೇಕಾದರೆ ಮೊದಲು ಅವರೊಡನೆ ಕುಳಿತುಕೊಳ್ಳಬೇಕು.

ಧರ್ಮಬಂಧುಗಳೇ, ಟ್ರಸ್ಟಿನ ಮೊಕ್ತೇಸರರೇ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರಕ್ಕೆ ನಮ್ಮಲ್ಲಿ ನಿಧಿಗಳಿವೆ, ನಾಲ್ಕನೆಯದಕ್ಕೆ ಇಲ್ಲ. ಮುಂದಿನ ರಜೆಯಲ್ಲಿ ಸಭಾಭವನವನ್ನು ಆ ಹುಡುಗರಿಗೇ ತೆರೆಯೋಣ. ಚಿತ್ರಪ್ರದರ್ಶನಕ್ಕಲ್ಲ, ಅವರ ಪ್ರಶ್ನೆಗಳಿಗೆ. ‘ಯಶೋಧರ ಚರಿತೆ’ಯನ್ನು ಅವರೇ ಓದಲಿ, ವಾದಿಸಲಿ, ಬೇಕಾದರೆ ನಾಟಕವಾಗಿ ಆಡಲಿ. ಸಾವಿನ ವಿಷಯ ಕೇಳಿದರೆ ಬಾಯಿ ಮುಚ್ಚಿಸದೆ ಹೇಳೋಣ. ಜೊತೆಗೆ ಭಯ ತೋರಿಸಿ ದೇಣಿಗೆ ಎತ್ತುವುದಿಲ್ಲವೆಂದು ಪ್ರತಿ ಟ್ರಸ್ಟೂ ಒಂದು ನಿರ್ಣಯ ಮಾಡಲಿ. ನಮ್ಮ ಬಸದಿಯ ಮುಂದಿನ ಸಭೆಯಲ್ಲಿ ಅದನ್ನು ಮಂಡಿಸುವ ಹೊಣೆ ನನ್ನದು.

1604ರಿಂದ ವೇಣೂರಿನ ಫಲ್ಗುಣಿಯ ದಡದಲ್ಲಿ ಬಾಹುಬಲಿ ಸ್ವಾಮಿ ನಿಂತಿದ್ದಾನೆ. ಬಳ್ಳಿ ಹಬ್ಬಿದರೂ ಹಾವು ಸುಳಿದರೂ ಅಡವಿಯ ನಡುವೆ ಅಲುಗದೆ ನಿಂತವನ ಕಥೆ ಅದು. ಕಾಡೆಂದರೆ ಕಿರುಚಾಟವೆಂದು ಕಲಿತ ಮಕ್ಕಳನ್ನು ಒಂದು ಸಂಜೆ ಅಲ್ಲಿಗೆ ಕರೆದೊಯ್ಯೋಣ. ನಾನು ಮೊಮ್ಮಗನೊಡನೆ ಹೋಗುವವನಿದ್ದೇನೆ. ಅವನಿಗೆ ಉತ್ತರ ಕೊಡುವುದು ಇನ್ನೂ ಬಾಕಿಯಿದೆ.

ಜೈನಂ ಜಯತು ಶಾಸನಂ.