ವೈಮ್ಯಾಕ್ಸ್ ಹೋಯ್ತು, ಏರ್‌ಫೈಬರ್ ಬಂತು: ಮಲೆನಾಡಿನ ಮನೆಯೊಳಗೆ ಸಿಗ್ನಲ್ ಬರೋದು ಯಾವಾಗ?

ಶಿವಮೊಗ್ಗ: ಪೇಟೆ ಮನೆಗಳ ಟೆರೇಸ್ ಮೇಲೆ ಟಿವಿ ಡಿಶ್ ಪಕ್ಕದಲ್ಲಿ ಈಗ ಇನ್ನೊಂದು ಬಿಳಿ ಡಬ್ಬಿ ಕೂರುತ್ತಿದೆ. ವೈರ್ ಎಳೆಯೋದು ಬೇಡ, ರಸ್ತೆ ಅಗೆಯೋದು ಬೇಡ, ಟವರ್‌ನಿಂದ ನೇರವಾಗಿ ಮನೆಗೆ ಇಂಟರ್ನೆಟ್ ಅನ್ನೋದು ಕಂಪನಿಗಳ ಮಾತು. ಏರ್‌ಫೈಬರ್ ಅಂತ ಹೆಸರು. ಹಳ್ಳಿಯವರಿಗೂ ಆಸೆ ಹುಟ್ಟಿದೆ. ಕೇಬಲ್ ಬರದ ಊರಿಗೆ ಗಾಳಿಯಲ್ಲಾದರೂ ಇಂಟರ್ನೆಟ್ ಬಂದೀತು ಅನ್ನೋ ಲೆಕ್ಕ.

ಆದರೆ ಇದೇ ಮಾತನ್ನು ದೇಶ ಒಂದು ಸಲ ಕೇಳಿ ಆಗಿದೆ. ಆಗ ಅದರ ಹೆಸರು ವೈಮ್ಯಾಕ್ಸ್. ಇವತ್ತಿನ ಕಾಲೇಜು ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಸಾವಿರಾರು ಕೋಟಿ ರೂಪಾಯಿ, ದೊಡ್ಡ ದೊಡ್ಡ ಕಂಪನಿಗಳು, ಸರ್ಕಾರದ ಹರಾಜು ಎಲ್ಲಾ ಇದ್ದರೂ ಆ ತಂತ್ರಜ್ಞಾನ ಯಾಕೆ ಮಣ್ಣು ಮುಕ್ಕಿತು ಅನ್ನೋದನ್ನ ಈಗ ನೋಡಿದರೆ, ಏರ್‌ಫೈಬರ್ ಬಗ್ಗೆ ಏನು ಕೇಳಬೇಕು ಅನ್ನೋದು ತಿಳಿಯುತ್ತೆ.

ಬೆಂಗಳೂರಿನಿಂದ ಶುರುವಾಗಿತ್ತು

ವೈಮ್ಯಾಕ್ಸ್ ಅಂದ್ರೆ ಸರಳವಾಗಿ ಊರಿಗೇ ಆಗುವಷ್ಟು ದೊಡ್ಡ ವೈಫೈ. ಟವರ್‌ನಿಂದ 50 ಕಿಲೋಮೀಟರ್ ದೂರದವರೆಗೆ, 70 ಎಂಬಿಪಿಎಸ್ ವೇಗ ಅಂತ ಪ್ರಚಾರ ನಡೆದಿತ್ತು. ಎರಡೂ ಒಟ್ಟಿಗೆ ಸಿಗಲ್ಲ ಅನ್ನೋದು ಮಾತ್ರ ಪ್ರಚಾರದಲ್ಲಿ ಇರಲಿಲ್ಲ. ದೂರ ಹೋದಷ್ಟೂ ವೇಗ ಇಳಿಯುತ್ತೆ, ಬಳಸುವವರು ಹೆಚ್ಚಾದಷ್ಟೂ ಪಾಲು ಕಮ್ಮಿಯಾಗುತ್ತೆ.

ಚಿಪ್ ತಯಾರಿಸುವ ಇಂಟೆಲ್ ಇದರ ಬೆನ್ನಿಗೆ ನಿಂತಿತ್ತು. ವೈಫೈ ಹೇಗೆ ಪ್ರತಿ ಲ್ಯಾಪ್‌ಟಾಪ್ ಒಳಗೆ ಸೇರಿಕೊಂಡಿತೋ ಇದೂ ಹಾಗೇ ಸೇರುತ್ತೆ ಅಂತ ನಂಬಿತ್ತು. ಅಮೆರಿಕದಲ್ಲಿ 2008ರಲ್ಲಿ ಇಂಟೆಲ್, ಗೂಗಲ್ ಮತ್ತು ಕೇಬಲ್ ಕಂಪನಿಗಳು ಸೇರಿ ಕ್ಲಿಯರ್‌ವೈರ್ ಅನ್ನೋ ಕಂಪನಿಗೆ 320 ಕೋಟಿ ಡಾಲರ್ ಸುರಿದವು.

ಅದೇ 2008ರ ಮಾರ್ಚ್‌ನಲ್ಲಿ ಟಾಟಾ ಕಮ್ಯುನಿಕೇಷನ್ಸ್ ಭಾರತದಲ್ಲಿ ದೊಡ್ಡ ಮಟ್ಟದ ವೈಮ್ಯಾಕ್ಸ್ ಜಾಲ ಘೋಷಿಸಿತು. ಮನೆ ಗ್ರಾಹಕರಿಗೆ ಮೊದಲು ಕೊಟ್ಟಿದ್ದು ಬೆಂಗಳೂರಿನಲ್ಲಿ. ಅದೇ ವರ್ಷ ಬಿಎಸ್‌ಎನ್‌ಎಲ್‌ಗೆ ಹರಾಜಿಲ್ಲದೆ ಮುಂಚಿತವಾಗಿ ತರಂಗಾಂತರ ಕೊಡಲಾಯಿತು. ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಮುಟ್ಟಿಸೋಕೆ ಇದೇ ದಾರಿ ಅಂತ ಆಗಿನ ಮಾತು.

ಹರಾಜಿನಲ್ಲೇ ದಿಕ್ಕು ತಪ್ಪಿತು

2010ರ ಜೂನ್ 11ಕ್ಕೆ ಬ್ರಾಡ್‌ಬ್ಯಾಂಡ್ ವೈರ್‌ಲೆಸ್ ತರಂಗಾಂತರದ ಹರಾಜು ಮುಗಿಯಿತು. ಇಡೀ ದೇಶಕ್ಕೆ ಮೂಲ ಬೆಲೆ 1,750 ಕೋಟಿ ರೂಪಾಯಿ ಇಟ್ಟಿದ್ದರು. ಕೊನೆಗೆ ನಿಂತಿದ್ದು 12,847 ಕೋಟಿಗೆ. ಹತ್ತಿರ ಹತ್ತಿರ ಏಳೂವರೆ ಪಟ್ಟು.

ಕರ್ನಾಟಕದ್ದು ಇನ್ನೂ ವಿಚಿತ್ರ. ನಮ್ಮ ರಾಜ್ಯದ ವೃತ್ತಕ್ಕೆ 1,543 ಕೋಟಿ ಬೆಲೆ ಬಂತು. ಮುಂಬೈ ಬಿಟ್ಟ ಮಹಾರಾಷ್ಟ್ರಕ್ಕೆ ಬಂದಿದ್ದು 915 ಕೋಟಿ. ವ್ಯತ್ಯಾಸಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ, ಬೆಂಗಳೂರು. ಇಲ್ಲಿ ಗೆದ್ದವರು ಇಬ್ಬರು: ಏರ್‌ಟೆಲ್ ಮತ್ತು ಇನ್ಫೋಟೆಲ್. ಏರ್‌ಟೆಲ್ ನಾಲ್ಕು ವೃತ್ತಕ್ಕೆ ಒಟ್ಟು 3,314 ಕೋಟಿ ಕೊಟ್ಟಿತು, ಅದರಲ್ಲಿ ಅರ್ಧದ ಹತ್ತಿರ ಕರ್ನಾಟಕಕ್ಕೇ ಹೋಯ್ತು. ಬೆಂಗಳೂರು ನೋಡಿ ದುಡ್ಡು ಕಟ್ಟಿದ ಕಂಪನಿ ಆ ದುಡ್ಡು ವಾಪಸ್ ತೆಗೆಯೋಕೆ ಮೊದಲು ಬೆಂಗಳೂರಿಗೇ ಹೋಗುತ್ತೆ, ಆಗುಂಬೆಗೆ ಬರಲ್ಲ. ಇಷ್ಟು ಅರ್ಥ ಆಗೋಕೆ ಅರ್ಥಶಾಸ್ತ್ರ ಓದಬೇಕಿಲ್ಲ.

ಇಡೀ ದೇಶದ 22 ವೃತ್ತಗಳನ್ನೂ ಗೆದ್ದ ಏಕೈಕ ಕಂಪನಿ ಇನ್ಫೋಟೆಲ್. ಹರಾಜು ಮುಗಿದ ದಿನವೇ ಅದರ ಶೇ 95 ಪಾಲನ್ನು ರಿಲಯನ್ಸ್ ಇಂಡಸ್ಟ್ರೀಸ್ 4,800 ಕೋಟಿಗೆ ಖರೀದಿಸುವುದಾಗಿ ಹೇಳಿತು. ಅದೇ ಮುಂದೆ ಜಿಯೋ ಆಯಿತು.

ಇನ್ನೊಂದು ಏಟು ಕೊಟ್ಟಿದ್ದು ಕ್ವಾಲ್ಕಾಮ್. ದೆಹಲಿ, ಮುಂಬೈ, ಹರಿಯಾಣ, ಕೇರಳ ವೃತ್ತಗಳಿಗೆ 4,912 ಕೋಟಿ ಕೊಟ್ಟಿತು. ಮೊಬೈಲ್ ಚಿಪ್ ಕಂಪನಿಗೆ ಇಲ್ಲಿ ಟವರ್ ನಡೆಸುವ ಉಸಾಬರಿ ಯಾಕೆ? ಆ ತರಂಗಾಂತರದಲ್ಲಿ ವೈಮ್ಯಾಕ್ಸ್ ಬದಲು ಎಲ್‌ಟಿಇ ಬರಬೇಕು ಅನ್ನೋದು ಅದರ ಉದ್ದೇಶ. ಕಂಪನಿಯೂ ಇದನ್ನ ಮುಚ್ಚಿಟ್ಟಿರಲಿಲ್ಲ. ಎರಡು ವರ್ಷದಲ್ಲಿ ಏರ್‌ಟೆಲ್ ಅದರಲ್ಲಿ ಪಾಲು ಖರೀದಿಸಿತು.

ಮುಳುಗಿಸಿದ್ದು ಡಬ್ಬಿ ಬೆಲೆ

ಗಾಳಿಯಲ್ಲಿ ಡೇಟಾ ಕಳಿಸೋ ವಿಷಯಕ್ಕೆ ಬಂದರೆ ವೈಮ್ಯಾಕ್ಸ್‌ಗೂ ಎಲ್‌ಟಿಇಗೂ ಒಳಗಿನ ತಂತ್ರದಲ್ಲಿ ತುಂಬಾ ಹೋಲಿಕೆ ಇದೆ. ಸೋಲಿಸಿದ್ದು ಸಂಖ್ಯೆಯ ಆಟ. ಜಿಎಸ್‌ಎಂ, 3ಜಿ ನಡೆಸುತ್ತಿದ್ದ ಜಗತ್ತಿನ ಬಹುತೇಕ ಕಂಪನಿಗಳಿಗೆ ಮುಂದಿನ ಮೆಟ್ಟಿಲು ಎಲ್‌ಟಿಇ ಆಗಿತ್ತು. ಕೋಟಿಗಟ್ಟಲೆ ಫೋನ್ ತಯಾರಾದಾಗ ಚಿಪ್ ಬೆಲೆ ತಾನಾಗೇ ಇಳಿಯುತ್ತೆ. ವೈಮ್ಯಾಕ್ಸ್‌ಗೆ ಹಾಗೆ ಇಳಿಯೋಕೆ ಫೋನೇ ಇರಲಿಲ್ಲ. ಮೋಡೆಮ್ ದುಬಾರಿ ಅಂತ ಜನ ಕೊಳ್ಳಲಿಲ್ಲ, ಜನ ಕೊಳ್ಳಲಿಲ್ಲ ಅಂತ ಮೋಡೆಮ್ ಬೆಲೆ ಇಳಿಯಲಿಲ್ಲ.

ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. 2010ರಲ್ಲೇ ಇಂಟೆಲ್ ತನ್ನ ವೈಮ್ಯಾಕ್ಸ್ ಕಚೇರಿಗೆ ಬೀಗ ಹಾಕಿತು. ರಷ್ಯಾದ ಯೋಟಾ ಅದೇ ವರ್ಷ ಎಲ್‌ಟಿಇಗೆ ಹೋಗುವುದಾಗಿ ಹೇಳಿತು. ಅಮೆರಿಕದ ಸ್ಪ್ರಿಂಟ್ 2011ರಲ್ಲಿ ದಾರಿ ಬದಲಿಸಿತು. ಇದೇ ತಂತ್ರದ ವೈಬ್ರೋ ಸೇವೆಯನ್ನು 2006ರಲ್ಲೇ ಶುರು ಮಾಡಿದ್ದ ದಕ್ಷಿಣ ಕೊರಿಯಾ ಕೂಡ 2018ರ ಕೊನೆಗೆ ಅದನ್ನ ನಿಲ್ಲಿಸಿತು.

ನಮ್ಮಲ್ಲಿ ಏರ್‌ಟೆಲ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 4ಜಿ ಶುರು ಮಾಡಿತು. ವೈಮ್ಯಾಕ್ಸ್‌ಗೆ ಅಂತ ಹೆಚ್ಚಿನವರು ಅಂದುಕೊಂಡಿದ್ದ ಅದೇ ತರಂಗಾಂತರ, ತಂತ್ರಜ್ಞಾನ ಮಾತ್ರ ಎಲ್‌ಟಿಇ.

ಇಕ್ಕಟ್ಟಿಗೆ ಸಿಕ್ಕಿದ್ದು ಬಿಎಸ್‌ಎನ್‌ಎಲ್. ಹರಾಜಿನಲ್ಲಿ ಭಾಗವಹಿಸದಿದ್ದರೂ ಖಾಸಗಿಯವರು ಏರಿಸಿದ ಬೆಲೆಯನ್ನೇ ಅದೂ ಕಟ್ಟಬೇಕಾಯಿತು: 8,313 ಕೋಟಿ ರೂಪಾಯಿ. ನಂತರ ಕೆಲವು ವೃತ್ತಗಳ ತರಂಗಾಂತರ ಬೇಡ, ದುಡ್ಡು ವಾಪಸ್ ಕೊಡಿ ಅಂತ ಸರ್ಕಾರವನ್ನ ಕೇಳುವ ಸ್ಥಿತಿ ಬಂತು. ಎಲ್ಲರಿಗಿಂತ ಮೊದಲು ತರಂಗಾಂತರ ಸಿಕ್ಕಿದ್ದ ಅದೇ ಬಿಎಸ್‌ಎನ್‌ಎಲ್‌ನ ದೇಶವ್ಯಾಪಿ ಸ್ವದೇಶಿ 4ಜಿ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಖಾಸಗಿ ಟವರ್ ಇಲ್ಲದ ಮಲೆನಾಡಿನ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಒಂದೇ ಗತಿ. ಅದು ಕಳೆದುಕೊಂಡ ವರ್ಷಗಳು ಆ ಹಳ್ಳಿಗಳೂ ಕಳೆದುಕೊಂಡ ವರ್ಷಗಳೇ.

ರಸ್ತೆಯಲ್ಲಿ ಸಿಕ್ಕರೆ ಸಾಕು ಅನ್ನೋ ನಿಯಮ

2010ರ ಹರಾಜಿನ ನಿಯಮದಲ್ಲಿ ಹಳ್ಳಿಯ ಹೆಸರು ಇತ್ತು. ಐದು ವರ್ಷದೊಳಗೆ ಗ್ರಾಮೀಣ ಎಸ್‌ಡಿಸಿಎಗಳಲ್ಲಿ, ಅಂದ್ರೆ ಹೆಚ್ಚು ಕಮ್ಮಿ ತಾಲ್ಲೂಕು ಅನ್ನಬಹುದಾದ ಪ್ರದೇಶಗಳಲ್ಲಿ, ಕನಿಷ್ಠ ಅರ್ಧದಷ್ಟಕ್ಕೆ ಸೇವೆ ಕೊಡಬೇಕಿತ್ತು. ಸೇವೆ ಕೊಟ್ಟಿದ್ದೀರಿ ಅಂತ ಅಳೆಯೋದು ಹೇಗೆ? ಅಲ್ಲಿನ ಸ್ಥಳೀಯ ಸಂಸ್ಥೆ ಗಡಿಯೊಳಗೆ ರಸ್ತೆ ಮಟ್ಟದಲ್ಲಿ ಸಿಗ್ನಲ್ ಸಿಕ್ಕರೆ ಆಯ್ತು.

ರಸ್ತೆ ಮಟ್ಟ ಅನ್ನೋ ಈ ಎರಡು ಪದದಲ್ಲೇ ಮಲೆನಾಡಿನ ಕಥೆ ಇದೆ. 2.3, 2.5, 3.3 ಗಿಗಾಹರ್ಟ್ಸ್‌ನ ತರಂಗಗಳು ಗೋಡೆ, ಗುಡ್ಡ, ದಟ್ಟ ಮರ ದಾಟೋದರಲ್ಲಿ ವೀಕು. ಪೇಟೆ ರಸ್ತೆಯಲ್ಲಿ ನಿಂತರೆ ನಾಲ್ಕು ಕಡ್ಡಿ, ನಾಲ್ಕು ಕಿಲೋಮೀಟರ್ ಆಚೆ ಅಡಿಕೆ ತೋಟದ ಮನೆಯೊಳಗೆ ಸೊನ್ನೆ. ಕಾಗದದಲ್ಲಿ ಮಾತ್ರ ಇಡೀ ತಾಲ್ಲೂಕಿಗೆ ಟಿಕ್ ಮಾರ್ಕ್.

ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಛತ್ರಿ ಹಿಡಿದು ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. ನೆಟ್‌ವರ್ಕ್ ಇಲ್ಲ ಅಂದ್ರೆ ಓಟೂ ಇಲ್ಲ ಅಂತ ಹಳ್ಳಿಗಳಲ್ಲಿ ಬೋರ್ಡ್ ಬಿದ್ದಿದ್ದೂ ಇದೇ ಸಿಟ್ಟಿಗೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನಿಂದ ಹಿಡಿದು ಬ್ಯಾಂಕಿನ ಒಟಿಪಿವರೆಗೆ ಎಲ್ಲಾ ಈಗ ನೆಟ್‌ವರ್ಕ್ ಮೇಲೇ ನಿಂತಿದೆ.

ಈಗಿನ ಡಬ್ಬಿ ಬೇರೆ, ಆದರೂ...

ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರ್ 19ಕ್ಕೆ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಶುರುವಾಯಿತು. ಏರ್‌ಟೆಲ್ ಅದಕ್ಕೂ ಒಂದು ತಿಂಗಳು ಮೊದಲು ದೆಹಲಿ, ಮುಂಬೈನಲ್ಲಿ ಶುರು ಮಾಡಿತ್ತು. ವೈಮ್ಯಾಕ್ಸ್‌ಗೆ ಬಂದ ಗತಿ ಇದಕ್ಕೆ ಬರೋದು ಕಷ್ಟ. 5ಜಿ ಫೋನು ಜಗತ್ತಿನಾದ್ಯಂತ ಇದೆ, ಟವರ್ ಹೇಗೂ ಮೊಬೈಲ್‌ಗೆ ಹಾಕಿದ್ದಾರೆ, ಅದರಲ್ಲಿ ಉಳಿದ ಸಾಮರ್ಥ್ಯವನ್ನ ಮನೆಗಳಿಗೆ ಮಾರುತ್ತಾರೆ. ಡಬ್ಬಿ ಮಾಡಿನ ಮೇಲೆ ಹೊರಗಡೆ ಕೂರೋದರಿಂದ ಗೋಡೆಯ ಸಮಸ್ಯೆಯೂ ಅರ್ಧ ಕಮ್ಮಿ.

ಬದಲಾಗದೇ ಇರೋದೂ ಇದೆ. 5ಜಿಯ ಮುಖ್ಯ ತರಂಗಾಂತರ 3.3 ಗಿಗಾಹರ್ಟ್ಸ್‌ನಿಂದ ಶುರು, ಒಂದು ಕಾಲಕ್ಕೆ ವೈಮ್ಯಾಕ್ಸ್ ಓಡಿದ್ದ ಜಾಗ. ಗುಡ್ಡ ಅದಕ್ಕೂ ಗುಡ್ಡವೇ. ಟವರ್‌ಗೆ ಫೈಬರ್ ಕೇಬಲ್ ಬರದಿದ್ದರೆ ಮನೆಗೆ ಕೊಡೋಕೆ ವೇಗ ಎಲ್ಲಿಂದ ಬರುತ್ತೆ? ಉದಾಹರಣೆಗೆ ಟವರ್‌ಗೆ ಬರೋದೇ 300 ಎಂಬಿಪಿಎಸ್ ಅಂದುಕೊಳ್ಳಿ. ರಾತ್ರಿ ಎಂಟಕ್ಕೆ ನೂರು ಮನೆಯವರು ಒಟ್ಟಿಗೆ ಟಿವಿ ಹಾಕಿದರೆ ತಲೆಗೆ ಮೂರೇ ಎಂಬಿಪಿಎಸ್. ಜೊತೆಗೆ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೆ ಟವರ್ ಬ್ಯಾಟರಿಯೂ ಸತ್ತಂಗೇ.

ಅದಕ್ಕೇ ಡಬ್ಬಿ ಹಾಕಿಸೋ ಮುಂಚೆ ನಾಲ್ಕು ಪ್ರಶ್ನೆ ಕೇಳೋದು ಒಳ್ಳೇದು. ಟವರ್‌ಗೆ ಫೈಬರ್ ಬಂದಿದೆಯಾ? ಕೊಡ್ತಿರೋದು 5ಜಿಯಾ, ಇಲ್ಲಾ ಲೈಸೆನ್ಸ್ ಬೇಡದ ತರಂಗಾಂತರದ ರೇಡಿಯೋನಾ? ದುಡ್ಡು ಕಟ್ಟುವ ಮೊದಲು ಮಾಡಿನ ಮೇಲೆ ಸಂಜೆ ಹೊತ್ತು ಸ್ಪೀಡ್ ಪರೀಕ್ಷೆ ಮಾಡಿ ತೋರಿಸ್ತಾರಾ? ಸಿಗ್ನಲ್ ಬರದಿದ್ದರೆ ಕಟ್ಟಿದ ದುಡ್ಡು ವಾಪಸ್ಸಾ?

ಗ್ರಾಮ ಪಂಚಾಯಿತಿಗಳು ಕೇಳಬೇಕಾದ್ದೂ ಇದೆ. ಭಾರತ್‌ನೆಟ್ ಯೋಜನೆಯ ಮೂಲಕ್ಕೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ಹೊಸ ರೂಪ ಕೊಟ್ಟಿದ್ದಾರೆ. ಪಂಚಾಯಿತಿ ಕಟ್ಟಡದ ಮೂಲೆಯಲ್ಲಿರೋ ಫೈಬರ್ ಪೆಟ್ಟಿಗೆಯಲ್ಲಿ ದೀಪ ಉರೀತಿದೆಯಾ, ಅಲ್ಲಿಂದ ಹತ್ತಿರದ ಟವರ್‌ಗೆ ಎಳೆ ಕೊಟ್ಟಿದ್ದಾರಾ ಅನ್ನೋದು ಗ್ರಾಮಸಭೆಯಲ್ಲೇ ಕೇಳಬಹುದಾದ ಪ್ರಶ್ನೆ. ಗಾಳಿಯಲ್ಲಿ ಬರೋ ಇಂಟರ್ನೆಟ್‌ಗೂ ಕಡೆಗೆ ಬೇಕಾಗೋದು ನೆಲದೊಳಗಿನ ಆ ಎಳೆಯೇ.

ಅಮೆರಿಕದಲ್ಲಿ ವೈಮ್ಯಾಕ್ಸ್ ಸ್ವಿಚ್ ಆಫ್ ಮಾಡಲು 2015ರ ನವೆಂಬರ್ ದಿನಾಂಕ ನಿಗದಿಯಾಗಿತ್ತು. ಅದೇ ಜಾಲದಲ್ಲಿ ಶಾಲೆ, ಗ್ರಂಥಾಲಯ, ಬಡ ಕುಟುಂಬಗಳಿಗೆ ಕಡಿಮೆ ದರದಲ್ಲಿ ಇಂಟರ್ನೆಟ್ ಕೊಡ್ತಿದ್ದ ಸಂಸ್ಥೆಗಳು ಕೋರ್ಟ್ ಮೆಟ್ಟಿಲೇರಿದವು. ಕೆಲವು ನಗರಗಳಲ್ಲಿ 90 ದಿನ ಮುಂದೂಡಿ ಅಂತ ಆದೇಶ ಬಂತು. ಕಂಪನಿಗಳು ಅಷ್ಟರಲ್ಲಿ ಬೇರೆ ತಂತ್ರಜ್ಞಾನಕ್ಕೆ ಹೋಗಿ ಆಗಿತ್ತು. ಕೊನೆವರೆಗೂ ಹಳೇ ಡಬ್ಬಿ ಹಿಡಿದು ಕೂತವರು ಬೇರೆ ಗತಿ ಇಲ್ಲದವರು.

ಇಲ್ಲೂ ಅಷ್ಟೇ. ಏರ್‌ಫೈಬರ್ ಪೇಟೆಯಲ್ಲಿ ಗೆಲ್ಲುತ್ತೆ, ಅನುಮಾನ ಬೇಡ. ಆದರೆ ಗೆದ್ದಿದ್ದನ್ನ ಪೇಟೆ ರಸ್ತೆಯಲ್ಲಿ ಅಳೀತಾರಾ, ತೋಟದ ಮನೆಯ ಜಗಲಿಯಲ್ಲಿ ಅಳೀತಾರಾ ಅನ್ನೋದು ಇನ್ನೂ ಯಾರೂ ಹೇಳಿಲ್ಲ. ಅದನ್ನ ಕೇಳಬೇಕಾದವರು ಜಿಲ್ಲೆಯ ಜನಪ್ರತಿನಿಧಿಗಳು. ಅವರು ಕೇಳದಿದ್ದರೆ ಅವರನ್ನ ಕೇಳಬೇಕಾದವರು ಓಟು ಹಾಕಿದವರು.