ಜಿಬಿಯ ಲೆಕ್ಕವನ್ನು ಕನ್ನಡದಲ್ಲಿ ಬರೆಸಿ

ಕಾನೂನು ಮಾಪನಶಾಸ್ತ್ರ ಇಲಾಖೆಯ ಮಾನ್ಯ ನಿಯಂತ್ರಕರಿಗೆ,

ಬಸವಕಲ್ಯಾಣದಲ್ಲಿ ಮದುವೆ ವಿಡಿಯೊ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಡುವುದು ನನ್ನ ಕೆಲಸ. ಹುಮನಾಬಾದಿನಿಂದಲೂ ಗಿರಾಕಿಗಳು ಬರುತ್ತಾರೆ. 64 ಜಿಬಿ ಎಂದು ಅಚ್ಚಾದ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ 59 ತೋರಿಸಿದರೆ, ‘ಉಳಿದ ಐದು ಎಲ್ಲಿ ಹೋಯ್ತ್ರೀ?’ ಎನ್ನುತ್ತಾರೆ. ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: ‘ಎಲ್ಲಾ ಹಂಗೇ ಬರ್ತಾವ್ರಿ.’ ಈ ಉತ್ತರದಿಂದಲೇ ಕೇಡಾಗುತ್ತಿದೆ.

ಆ ಐದು ಜಿಬಿಯನ್ನು ಯಾರೂ ಕದ್ದಿಲ್ಲ. ತಯಾರಕರು 100 ಕೋಟಿ ಬೈಟ್‌ಗೆ ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿದು, 1,07,37,41,824 ಬೈಟ್ ಸೇರಿದ ಮೇಲಷ್ಟೇ ಒಂದು ಎಂದು ಎಣಿಸುತ್ತದೆ. 6,400 ಕೋಟಿಯನ್ನು ಅದರಿಂದ ಭಾಗಿಸಿದರೆ 59.6. 1 ಟಿಬಿ ಹಾರ್ಡ್‌ಡಿಸ್ಕ್ 931 ಜಿಬಿ ಆಗುವುದೂ ಹೀಗೆಯೇ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲೇ ದೊಡ್ಡ ಅಳತೆಗೆ ಗಿಬಿಬೈಟ್ ಎಂಬ ಬೇರೆ ಹೆಸರು ಕೊಟ್ಟಿತು. ವಿಂಡೋಸ್ ಮಾತ್ರ ಈಗಲೂ ಜಿಬಿ ಎಂದೇ ತೋರಿಸುತ್ತದೆ. ಆಪಲ್ 2009ರಿಂದ ಮ್ಯಾಕ್‌ನಲ್ಲಿ ತಯಾರಕರ ಲೆಕ್ಕವನ್ನೇ ಅನುಸರಿಸುತ್ತಿದೆ.

ಯಾವ ಅಳತೆಯ ಲೆಕ್ಕ ಎಂದು ಬಿಡಿಸಿ ಹೇಳುವುದು ನಮ್ಮ ಊರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಎಷ್ಟೋ ದಾನಶಾಸನಗಳಲ್ಲಿ ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಭೂಮಿ ಎಂಬುದರ ಜೊತೆಗೆ, ಯಾವ ಗಳೆಯಿಂದ, ಅಂದರೆ ಅಳತೆಗೋಲಿನಿಂದ, ಅಳೆದದ್ದು ಎಂಬುದನ್ನೂ ಕೆತ್ತಿಸಿದ್ದಾರೆ. ನಮ್ಮ ಪೆನ್‌ಡ್ರೈವ್ ಪ್ಯಾಕೆಟ್ಟಿನ ಮೇಲೆ ಯಾವ ಲೆಕ್ಕದ ಜಿಬಿ ಎಂಬ ವಿವರ ಇದ್ದರೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹಿಂಬದಿಯಲ್ಲಿರುತ್ತದೆ.

ನಿಜವಾದ ಮೋಸ ಇರುವುದು ನಕಲಿ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಲ್ಲಿ. ಒಳಗೆ 8 ಜಿಬಿ ಚಿಪ್ ಇಟ್ಟು, ಕಂಟ್ರೋಲರ್ ತಿದ್ದಿ 64 ಎಂದು ತೋರಿಸುತ್ತಾರೆ. ಕಾಪಿ ಮಾಡುವಾಗ ಎಲ್ಲವೂ ಹೋದಂತೆಯೇ ಕಾಣುತ್ತದೆ. ಆಮೇಲೆ ಫೈಲಿನ ಹೆಸರು ಇರುತ್ತದೆ, ತೆರೆಯುವುದಿಲ್ಲ. ಅಕ್ಷತೆ ಬೀಳುವ ಹೊತ್ತನ್ನು ಮತ್ತೆ ಚಿತ್ರೀಕರಿಸಲು ಯಾರಿಂದಾದೀತು? ಹೀಗೆ ಕಳೆದುಕೊಂಡವರೂ ‘ಹಂಗೇ ಬರ್ತಾವ’ ಎಂದುಕೊಂಡು ಸುಮ್ಮನಾಗುತ್ತಾರೆ, ದೂರು ಕೊಡುವುದಿಲ್ಲ. ಲೆಕ್ಕದ ವ್ಯತ್ಯಾಸವನ್ನು ಬಿಡಿಸಿ ಹೇಳದಿರುವುದೇ ಈ ಮೋಸಗಾರರಿಗೆ ಮರೆಯಾಗಿದೆ.

ಪ್ಯಾಕೆಟ್ ಮೇಲೆ ನಿವ್ವಳ ಪ್ರಮಾಣ ಎಂದು ಸಾಮಾನ್ಯವಾಗಿ ಬರೆದಿರುವುದು 1, ಅಂದರೆ ಒಂದು ನಗ. ಆದರೆ ಕೊಳ್ಳುವವನು ಹಣ ಕೊಡುವುದು ಜಾಗಕ್ಕೆ. 2011ರ ಪೊಟ್ಟಣ ಸರಕುಗಳ ನಿಯಮಗಳು ಕೇಂದ್ರದವು ಎಂಬುದು ಗೊತ್ತು. ಆದ್ದರಿಂದ ‘64 ಜಿಬಿ, ವಿಂಡೋಸ್‌ನಲ್ಲಿ ಸುಮಾರು 59’ ಎಂದು ಮುಂಬದಿಯಲ್ಲೇ, ಕನ್ನಡದಲ್ಲಿ ಬರೆಯಿಸುವಂತೆ ದಯವಿಟ್ಟು ದೆಹಲಿಗೆ ಪತ್ರ ಬರೆಯಿರಿ. ಅಲ್ಲಿಯವರೆಗೆ ಅಂಗಡಿಗಳಲ್ಲಿ ಈ ಲೆಕ್ಕವನ್ನೂ ಗ್ರಾಹಕ ಸಹಾಯವಾಣಿ 1915ನ್ನೂ ಕನ್ನಡದಲ್ಲಿ ಹಾಕಿಸಿ. ತಕ್ಕಡಿ ಪರೀಕ್ಷಿಸುವ ನಿಮ್ಮ ಅಧಿಕಾರಿಗಳು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂದಾಗ ಒಂದು ಲ್ಯಾಪ್‌ಟಾಪನ್ನೂ ತರಲಿ. ಮಾರಾಟಕ್ಕಿಟ್ಟ ಕಾರ್ಡುಗಳಲ್ಲಿ ಕೆಲವನ್ನು ಕೊಂಡು, ಪೂರ್ತಿ ತುಂಬಿಸಿ, ಮರಳಿ ಓದಿಸಿ ನೋಡಲಿ.

ಇಂತಿ,
ಒಬ್ಬ ವಿಡಿಯೊಗ್ರಾಫರ್, ಬಸವಕಲ್ಯಾಣ